ಸಿದ್ದಲಿಂಗವ್ವನ ಗುಡಾಣ

ಸೂಡಿಯ ಕುಂಬಾರ ಅಂದಾನೆಪ್ಪ ಬಲಗೈ ಮುರಿದುಕೊಂಡದ್ದು ಯಾವ ಸಾಹಸದಲ್ಲೂ ಅಲ್ಲ. ಕೆರೆಯಂಗಳದಲ್ಲಿ ಮಣ್ಣು ಹೇರಿಕೊಂಡು ಬರುವಾಗ ಚಕ್ಕಡಿಯ ಮೇಲೆ ಕೂತಲ್ಲೇ ತೂಕಡಿಸಿದ, ಉರುಳಿ ಬಿದ್ದ. ಎತ್ತುಗಳು ತಮ್ಮ ಪಾಡಿಗೆ ತಾವು ಮನೆಗೆ ಬಂದು ನಿಂತವು. ರೋಣ ತಾಲೂಕು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಗೆ ಅದು. ಕೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಅವನು ಕಟ್ಟೆಯ ಮೇಲೆ ಕೂತ. ಅಂಗಳದಲ್ಲಿ ಗಡಿಗೆ ತಿರುವುವ ತಿಗರಿಯೂ ಅವನ ಜೊತೆ ಸುಮ್ಮನಾಯಿತು.

ಆ ಮನೆಯಲ್ಲಿ ಹೆಂಗಸರು ತಿಗರಿ ಮುಟ್ಟುತ್ತಿರಲಿಲ್ಲ. ಮುಟ್ಟಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಮಿಕ್ಕಿದ್ದೆಲ್ಲ ಅಂದಾನೆಪ್ಪನ ಹೆಂಡತಿ ಸಿದ್ದಲಿಂಗವ್ವನ ಪಾಲು. ಮಣ್ಣಿನ ಹರಳು ಆರಿಸಬೇಕು, ತುಳಿದು ಹದ ಮಾಡಬೇಕು. ತಿಗರಿಯಿಂದ ಇಳಿದ ಹಸಿ ಗಡಿಗೆಯ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ಬಡಿದು ಹೊಟ್ಟೆ ಉಬ್ಬಿಸಬೇಕು. ಆವಿಗೆ ಒಟ್ಟಿ ಸುಡಬೇಕು, ಕೊನೆಗೆ ಎಲ್ಲ ಹೊತ್ತುಕೊಂಡು ಹೋಗಿ ಗಜೇಂದ್ರಗಡದ ಸಂತೆಯಲ್ಲಿ ಮಾರಬೇಕು. ಇಷ್ಟೆಲ್ಲ ಆದ ಮೇಲೆ ಕೊಳ್ಳುವವರು ಬಂದು, ಗಡಿಗೆಯನ್ನು ಬೆರಳಿನಿಂದ ಬಾರಿಸಿ, "ಅಂದಾನೆಪ್ಪನ ಗಡಿಗಿ ಅಂದ್ರ ಹಿಂಗಿರಬೇಕು" ಎಂದು ಅವಳ ಮುಖದೆದುರೇ ಹೊಗಳುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನ ಮೇಲೆ ಸಿಟ್ಟಲ್ಲ. ತಾನು ಮಾಡಿದ್ದನ್ನು ಒಮ್ಮೆಯಾದರೂ ಯಾರಾದರೂ ತನ್ನ ಹೆಸರು ಹಿಡಿದು ಕರೆಯಲಿ ಅನ್ನುವ ಆಸೆ. ಇದೇನು ದೊಡ್ಡ ಆಸೆಯೇ? ಆ ಸಂತೆಯಲ್ಲಿ ದೊಡ್ಡದೇ ಆಗಿತ್ತು.

ಗಜೇಂದ್ರಗಡದ ಬಣ್ಣಗಾರ ಮಹಮ್ಮದಸಾಬ ಸೂಡಿಗೆ ಬಂದದ್ದು ಆಗಲೇ. ಅವನ ಊರಿನ ನೇಕಾರರು ಒಬ್ಬೊಬ್ಬರಾಗಿ ಪೇಟೆಯ ಪುಡಿ ಬಣ್ಣಕ್ಕೆ ಮಾರುಹೋಗಿದ್ದರು. ಚಂದ್ರಕಾಳಿ ಸೀರೆಯ ನೂಲನ್ನು ಮಾತ್ರ ಇನ್ನೂ ಅವನ ನೀಲಿಯಲ್ಲೇ ಅದ್ದಿಸುತ್ತಿದ್ದರು. ಗಿಡದ ನೀಲಿ ಸಾಕಿದ ಪ್ರಾಣಿಯ ಹಾಗೆ. ನೆಲದಲ್ಲಿ ಹೂತ ದೊಡ್ಡ ಗುಡಾಣದಲ್ಲಿ ಅದಕ್ಕೆ ಸುಣ್ಣ ಬೆಲ್ಲ ಉಣಿಸಬೇಕು, ಹುಳಿ ಬರಿಸಬೇಕು, ಗಾಳಿಯಾಡದಂತೆ ಮುಚ್ಚಿ ಕಾಯಬೇಕು. ಅಂದಾನೆಪ್ಪನ ತಂದೆ ಮಾಡಿಕೊಟ್ಟಿದ್ದ ಗುಡಾಣ ಈಗ ಹಳತಾಗಿ ಸೀಳಿತ್ತು.

"ಉಳದ ನೀಲಿ ಕೊಡದಾಗ ತುಂಬಿ ಇಟ್ಟೇನಿ," ಎಂದ ಮಹಮ್ಮದಸಾಬ. "ಅಲ್ಲಿ ಅದು ಭಾಳ ದಿನಾ ಬದಕೂದಿಲ್ಲ. ಹೊಸಾ ಗುಡಾಣಕ್ಕ ಮುಚ್ಚಳದ ಅಳತಿ ತಂದಿದ್ದೆ. ನಿನ್ನ ಕೈ ನೋಡಿದ್ರ ಹಿಂಗ. ಹೋಗ್ಲಿ ಬಿಡಪಾ, ಒಂದ ಕಬ್ಬಿಣದ ಪೀಪಾಯಿ ತಂದು ನಾನೂ ಪುಡಿ ಬಣ್ಣಾನ ಕಲಸತೀನಿ."

ಅಳತೆಯ ದಾರವನ್ನು ಅವನು ಮತ್ತೆ ಜೇಬಿಗೆ ಇಳಿಸುತ್ತಿದ್ದಾಗ ಸಿದ್ದಲಿಂಗವ್ವ ಒಳಗಿನಿಂದ ಬಂದಳು.

"ಕಾಕಾ, ದಾರ ಇಲ್ಲೇ ಬಿಟ್ಟ ಹೋಗ್ರಿ. ಗುಡಾಣ ನಾ ಮಾಡತೀನಿ."

ಅಂದಾನೆಪ್ಪ ಕೂತಲ್ಲೇ ತಿರುಗಿದ. "ನೀ ಹ್ಯಾಂಗ ಮಾಡತಿ?"

"ಅಷ್ಟ ದೊಡ್ಡದು ಎಂದಾದ್ರೂ ತಿಗರಿ ಮ್ಯಾಲ ಕುಂತೈತೇನ್ರಿ? ನಿಮ್ಮಪ್ಪನೂ ಮಣ್ಣ ಹೊಸದು ಕೈಲೇ ಕಟ್ಟಿದ್ದು."

"ಹೊಟ್ಟಿ ಕೈಲೇ ಕಟ್ಟಬಹುದು. ಬಾಯಿ? ಬಾಯಿ ತಿಗರಿ ಮ್ಯಾಲ ತಿರುವಿ ಕೂಡಸತಿದ್ದ ನಮ್ಮಪ್ಪ. ಎಳ್ಳಷ್ಟ ಸೊಟ್ಟ ಆದ್ರ ಮುಚ್ಚಳ ಕೂಡೂದಿಲ್ಲ, ಗಾಳಿ ಹೊಕ್ಕು ನೀಲಿ ಸಾಯತೈತಿ."

"ಅದನ್ನ ನಾ ನೋಡ್ಕೋತೀನಿ."

ಮಹಮ್ಮದಸಾಬನ ಮುಖದಲ್ಲಿ ನಂಬಿಕೆ ಇರಲಿಲ್ಲ. ಆದರೆ ಪೀಪಾಯಿಯ ಮೇಲೂ ಅವನಿಗೆ ಪ್ರೀತಿ ಇರಲಿಲ್ಲ. ದಾರ ಕೇಳಿದವಳು ಎದುರಿಗೆ ನಿಂತಿದ್ದರೂ ಅದನ್ನು ಅಂದಾನೆಪ್ಪನ ಎಡಗೈಯಲ್ಲಿಟ್ಟು ಹೋದ. ಸಿದ್ದಲಿಂಗವ್ವ ಅದನ್ನು ನೋಡಿದಳು, ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಬಡಿದು ಬಡಿದು ಅವಳು ಗುಡಾಣವನ್ನು ಎದೆಯೆತ್ತರಕ್ಕೆ ತಂದಳು. ಬಡಿತದ ಸದ್ದಿಗೆ ಓಣಿಗೆ ಓಣಿಯೇ ಒಗ್ಗಿಹೋಯಿತು. ಬಾಯಿ ಕೂಡಿಸುವ ದಿನ ಅಂದಾನೆಪ್ಪ ಕಟ್ಟೆ ಬಿಟ್ಟು ಅಂಗಳಕ್ಕಿಳಿದು ನಿಂತ. ಹೆಂಡತಿ ತಿಗರಿಯ ಕಡೆ ಕೈ ಚಾಚಿದರೆ ತಡೆಯುವುದೋ ಬಿಡುವುದೋ ಎಂದು ಅವನಿಗೇ ಗೊತ್ತಿರಲಿಲ್ಲ. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

"ತಿಗರಿ ತಿರಗೂದಿಲ್ಲ ಅಂದ್ರ ನಾನ ತಿರಗತೀನಿ," ಎಂದು ಸೆರಗು ಬಿಗಿದು, ಒದ್ದೆ ಅರಿವೆಯನ್ನು ಬಾಯಿಯ ಅಂಚಿಗೆ ಹಿಡಿದು, ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ ಗುಡಾಣವನ್ನು ಸುತ್ತತೊಡಗಿದಳು. ಗುಡಾಣ ನಿಂತಲ್ಲೇ ನಿಂತಿತ್ತು, ಅವಳು ಸುತ್ತುತ್ತಿದ್ದಳು. ಕೈ ಒಂದೇ ಎತ್ತರದಲ್ಲಿ, ಒಂದೇ ಬಿಗಿಯಲ್ಲಿ. ಕಾಲ ಕೆಳಗಿನ ನೆಲ ಸವೆದು ದಾರಿಯಾಯಿತು, ತಲೆ ಗಿಮಿಗಿಮಿ ಅಂದಾಗ ದಿಕ್ಕು ಬದಲಿಸಿ ಮತ್ತೆ ಸುತ್ತಿದಳು.

ನೆರೆಮನೆಯ ರೇಣುಕವ್ವ ಗೋಡೆಯ ಮೇಲಿಂದ ಇಣುಕಿದಳು. "ಏನಬೇ, ಗುಡಾಣದ ಕೂಡ ಲಗ್ನ ನಡದೈತೇನ?"

"ಹೌದು. ಅಕ್ಕಿಕಾಳ ತಗೊಂಡ ಲಗೂ ಬಾ."

ಅಂದಾನೆಪ್ಪನಿಗೆ ನಗು ಬಂತು, ನುಂಗಿಕೊಂಡ. ಅಂಚಿಗೆ ದಾರ ಹಿಡಿದು ನೋಡಿ ಹೇಳಿದ: "ಸುಟ್ಟ ಮ್ಯಾಲ ಕುಗ್ಗತೈತಿ. ಒಂದ ಬೆರಳ ಹೆಚ್ಚಿಗಿ ಇಡು."

"ಎರಡ ಇಡತೀನ್ರಿ. ಈ ಮಣ್ಣು ಕೆರಿಯಾಗ ಹೊಸಾ ತಗ್ಗ ತೋಡಿ ತಂದದ್ದು, ಜಿಗಿ ಭಾಳ ಐತಿ. ಭಾಳ ಕುಗ್ಗತೈತಿ."

"ನಮ್ಮಪ್ಪನ ಕಾಲದಿಂದ ಒಂದ ಬೆರಳು."

"ನಿಮ್ಮಪ್ಪ ಈ ಮಣ್ಣ ತುಳದಿಲ್ಲ. ನಾ ತುಳದೇನಿ."

ಅವನು ಕಟ್ಟೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವಳು ಎರಡು ಬೆರಳೇ ಇಟ್ಟಳು. ಇಟ್ಟ ಮೇಲೆ ಅವಳ ಜಂಬವೆಲ್ಲ ಎಲ್ಲಿ ಹೋಯಿತೋ. ನೆರಳಲ್ಲಿ ಒಣಗುವಷ್ಟು ದಿನ, ಆವಿಗೆಯಲ್ಲಿ ಸುಡುವಷ್ಟು ಹೊತ್ತು ಮತ್ತೆ ಮತ್ತೆ ಹೋಗಿ ನೋಡಿ ಬಂದಳು. ಇದು ಕೆಟ್ಟರೆ ಅಂದಾನೆಪ್ಪನ ಗುಡಾಣ ಕೆಟ್ಟಿತು ಎಂದು ಯಾರೂ ಅನ್ನುವುದಿಲ್ಲ, ಹೆಂಗಸು ಮಾಡಿದ್ದು ಕೆಟ್ಟಿತು ಅನ್ನುತ್ತಾರೆ. ಕೆಟ್ಟದ್ದಕ್ಕೆ ಅವಳ ಹೆಸರು ತಟ್ಟನೆ ಸಿಗುತ್ತದೆ.

ಸುಟ್ಟ ಗುಡಾಣವನ್ನು ಹುಲ್ಲು ಹಾಸಿದ ಚಕ್ಕಡಿಯಲ್ಲಿ ಗಜೇಂದ್ರಗಡಕ್ಕೆ ಒಯ್ದರು. ಮಹಮ್ಮದಸಾಬನ ಅಂಗಳದಲ್ಲಿ ನೇಕಾರರು ನೆರೆದಿದ್ದರು. ಅವನ ಹೆಂಡತಿ ಖತೀಜಾಬಿ ತಲೆತಲಾಂತರದ ತೇಗದ ಮುಚ್ಚಳವನ್ನು ಒರೆಸಿ ತಂದಳು. ಮಹಮ್ಮದಸಾಬ ಅದನ್ನು ಬಾಯಿಯ ಮೇಲೆ ಇಳಿಸಿದ. ಮುಚ್ಚಳ ಅಲುಗದೆ ಕೂತಿತು. ಅಂಚಿನ ಸುತ್ತ ವೀಳ್ಯದೆಲೆ ತುರುಕಿ ನೋಡಿದ. ಎಲೆ ಎಲ್ಲಿಯೂ ಒಳಗೆ ಹೋಗಲಿಲ್ಲ.

"ಅಂದಾನೆಪ್ಪನ ಮನಿತನ ಅಂದ್ರ ಮನಿತನ ನೋಡ್ರಿ," ಎಂದ ಅವನು ನೇಕಾರರಿಗೆ.

ಸಿದ್ದಲಿಂಗವ್ವ ಖತೀಜಾಬಿ ಕೊಟ್ಟ ಚಹಾ ಕುಡಿದು, ಬಸಿಯನ್ನು ತುಸು ಜೋರಾಗಿಯೇ ಕೆಳಗಿಟ್ಟು, ಚಕ್ಕಡಿ ಹತ್ತಿದಳು. ಸೂಡಿ ಬರುವವರೆಗೆ ಗಂಡನ ಕಡೆ ಬೆನ್ನು ಮಾಡಿ ಕೂತಳು.

ದಬ್ಬೆ ಬಿಚ್ಚಿ, ಅಂದಾನೆಪ್ಪನ ಕೈ ಮೆಲ್ಲಗೆ ಮಡಚಲು ಬರುವ ಹೊತ್ತಿಗೆ, ಒಂದು ಸಂತೆಯ ದಿನ ಬೆಳಿಗ್ಗೆ ಮಹಮ್ಮದಸಾಬ ಮತ್ತೆ ಬಂದ. ಬಗಲಲ್ಲಿ ಗಂಟು. ಬಿಚ್ಚಿದರೆ ಹೊಸ ರುಮಾಲು, ಅಂಗಳವೆಲ್ಲ ನೀಲಿ.

"ನೀಲಿ ಹಿಡೀತು," ಎಂದ. ಮುದುಕ ರುಮಾಲನ್ನು ಬಿಸಿಲಿಗೆ ಹಿಡಿದು ತೋರಿಸಿದ. "ಹೊರಗ ತಗದಾಗ ಹಸರ ಇತ್ತು. ಗಾಳಿ ಬಡದಂಗ ಬಡದಂಗ ನೀಲಿ ಏರಿತ್ರಿ. ಇಂಥಾ ಬಣ್ಣ ನಮ್ಮಪ್ಪನ ಕಾಲಕ್ಕೂ ಬಂದಿರಲಿಲ್ಲ."

ಹೊಸ ಗುಡಾಣದಲ್ಲಿ ಮೊದಲು ಅದ್ದಿದ ರುಮಾಲನ್ನು ಅದನ್ನು ಮಾಡಿದ ಕುಂಬಾರನ ತಲೆಗೆ ಸುತ್ತುವುದು ಆ ಎರಡು ಮನೆಗಳ ನಡುವಿನ ಪದ್ಧತಿ. ತಂದೆಗೆ ಸುತ್ತಿದ್ದನ್ನು ಅಂದಾನೆಪ್ಪ ಸಣ್ಣವನಿದ್ದಾಗ ನೋಡಿದ್ದ. ಕಟ್ಟೆಯ ಮೇಲೆ ಕೂತಿದ್ದವನು ಯೋಚನೆ ಮಾಡುವ ಮೊದಲೇ ತಲೆ ಬಾಗಿಸಿದ. ಮಹಮ್ಮದಸಾಬನೂ ರುಮಾಲು ಹಿಡಿದು ಎರಡು ಹೆಜ್ಜೆ ಇಟ್ಟ.

ಗುಡಾಣದ ಹಾಗೆಯೇ ಕೈಯಿಂದ ಕಟ್ಟಿ ಸುಟ್ಟ ಗಡಿಗೆಗಳನ್ನು ಸಂತೆಗೆ ಜೋಡಿಸುತ್ತಿದ್ದ ಸಿದ್ದಲಿಂಗವ್ವ ಎದ್ದು ನಿಂತಳು.

"ಕಾಕಾ, ತಲಿ ಈ ಕಡೆ ಐತ್ರಿ."

ಮಹಮ್ಮದಸಾಬ ನಿಂತುಬಿಟ್ಟ. ಹೆಂಗಸಿನ ತಲೆಗೆ ರುಮಾಲು ಸುತ್ತುವುದು ಹೇಗೆ, ಅದೂ ತಾನು? ಅವನು ಅಂದಾನೆಪ್ಪನ ಮುಖ ನೋಡಿದ. ಅಂದಾನೆಪ್ಪ ಬಾಗಿದ ತಲೆಯನ್ನು ನಿಧಾನವಾಗಿ ಎತ್ತಿದ, ಕಿವಿ ಕೆಂಪಾಗಿದ್ದವು.

"ಖರೇ ಐತಿ," ಎಂದ. "ಎರಡ ಬೆರಳ ಅಂದಾಕಿ ಅಕಿ. ನಾ ಒಂದ ಅಂದಿದ್ದೆ. ನನ್ನ ಮಾತ ಕೇಳಿದ್ರ ನಿಮ್ಮ ಮುಚ್ಚಳ ಕೂಡತಿದ್ದಿಲ್ಲ. ತರ್ರಿ ಇಲ್ಲೆ."

ರುಮಾಲು ಇಸಿದುಕೊಂಡು, ಇನ್ನೂ ಬಿಗಿ ಬಿಡದ ಕೈಯಿಂದ ಹುರಿ ಮಾಡಿದ, ಸುತ್ತಿದ, ಗಡಿಗೆ ಹೊರುವ ಸಿಂಬಿ ಕಟ್ಟಿದ. ಎದ್ದು ಬಂದು ಹೆಂಡತಿಯ ತಲೆಯ ಮೇಲೆ ಇಟ್ಟ. ಆಮೇಲೆ ಇಬ್ಬರೂ ಗಂಡಸರು ಸೇರಿ ಗಡಿಗೆ ತುಂಬಿದ ಬುಟ್ಟಿಯನ್ನು ಅದರ ಮೇಲೇರಿಸಿದರು. ಸಿದ್ದಲಿಂಗವ್ವನಿಗೆ ಅಳು ಬರುವಂತಾಯಿತು, ಹೆಮ್ಮೆಗೆ. ಆದರೆ ತಲೆಯ ಮೇಲೆ ಭಾರವಿದ್ದಾಗ ಕತ್ತು ಬಗ್ಗಿಸುವಂತಿಲ್ಲ, ನೆಟ್ಟಗೆ ನಡೆದಳು.

ಗಜೇಂದ್ರಗಡದ ಸಂತೆ ಆಗಲೇ ತುಂಬಿತ್ತು. ಮುಂದೆ ಮುಂದೆ ನಡೆಯುತ್ತಿದ್ದ ಮಹಮ್ಮದಸಾಬ ಜನರನ್ನು ಎರಡೂ ಕೈಯಿಂದ ಸರಿಸುತ್ತ, ಇಡೀ ಸಂತೆಗೆ ಕೇಳಿಸುವಂತೆ ಕೂಗಿ ಹೇಳಿದ:

"ದಾರಿ ಬಿಡ್ರಿ. ಸಿದ್ದಲಿಂಗವ್ವನ ಗಡಿಗಿ ಬರಾಕತ್ತಾವು."