ಬಿಚ್ಚದ ತುರುಬು

ಗಂಟನ್ನು ಮೊದಲು ಕಂಡವರು ನನ್ನ ಅತ್ತೆ ಗುರುಮಲ್ಲಮ್ಮ. ಜಗಲಿಯ ಮೇಲೆ ನಾನು ಅವರೆಕಾಯಿ ಸುಲಿಯುತ್ತಿದ್ದೆ. ತಲೆಗೆ ಸುತ್ತಿದ್ದ ಬಟ್ಟೆ ಜಾರಿತ್ತು. ಅವರು ಹಿಂದೆ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡೆ. ಕುತ್ತಿಗೆಯ ಮೇಲೆ ಉಂಡೆಯಾಗಿದ್ದ ಕೂದಲನ್ನು ಒಂದು ಬೆರಳಿನಿಂದ ಒತ್ತಿ ನೋಡಿದರು. ಒಳಗೆ ಹೋಗಿ ಕೈ ತೊಳೆದುಕೊಂಡು ಬಂದು ಎರಡೂ ಕೈ ಜೋಡಿಸಿದರು.

"ಮಾದಪ್ಪ ಬಂದವ್ನೆ ಕಣವ್ವ," ಅಂದರು. "ಜಡೆ ಕಟ್ಟವ್ನೆ. ಬಾಚಣಿಗೆ ಮುಟ್ಟುಸ್ಬ್ಯಾಡ."

ನಾನು ಇನ್ನೊಂದು ಅವರೆಕಾಯಿ ಎತ್ತಿಕೊಂಡೆ. ಅದು ಮಾದಪ್ಪನದಾಗಿರಲಿಲ್ಲ. ನನ್ನ ಗಂಡ ನಿಂಗರಾಜು ಸತ್ತ ದಿನ ಬೆಳಿಗ್ಗೆ ತನ್ನ ಕೈಯಾರೆ ಕಟ್ಟಿದ ತುರುಬು ಅದು. ನಾನು ಬಿಚ್ಚಿರಲಿಲ್ಲ, ಅಷ್ಟೆ.

ನನ್ನದು ಗುಂಗುರು ಕೂದಲು. ತವರು ಹರದನಹಳ್ಳಿಯಲ್ಲಿ ಅಮ್ಮ ಅದನ್ನು ಒಣಗಿದ ಮೇಲೆ ಬುಡದಿಂದ ಬಾಚುತ್ತಿದ್ದಳು. ನಾನು ಅಳುತ್ತಿದ್ದೆ. ಬೇಸತ್ತು ಗಂಡುಹುಡುಗರ ಹಾಗೆ ಕತ್ತರಿಸಿಬಿಡುತ್ತಿದ್ದಳು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲ್ಲಿನ ಗೆಳತಿಯರು ಬಿಸಿ ಕಬ್ಬಿಣ ಒತ್ತಿ ನೇರ ಮಾಡಿಕೊಟ್ಟರು. ಕೂದಲು ತುದಿಯಲ್ಲಿ ಸೀಳಿ ಉದುರಿತು. ಮದುವೆಯಾದ ಮೇಲೆ ಅದು ನಿಂಗರಾಜುವಿನ ಕೈಗೆ ಸಿಕ್ಕಿತು.

ಅವನು ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್. ಬೇಸಿಗೆಗೆ ಮುಂಚೆ ಹೆಣೆದುಕೊಂಡ ಲಂಟಾನ ಪೊದೆ ಕೀಳಿಸುವುದೇ ದೊಡ್ಡ ಕೆಲಸ. ಮೊದಲ ಸಲ ನನ್ನ ತಲೆ ಸ್ನಾನ ಆದಾಗ ಸುಮ್ಮನೆ ನಿಂತು ನೋಡಿದ.

"ಇದು ಯಾವ ರೇಂಜಿಗೆ ಸೇರ್ತದೆ ಕಣಮ್ಮಿ?" ಅಂದ. "ಒಳಗೆ ಆನೆ ನಿಂತಿದ್ರೂ ಕಾಣಕಿಲ್ವಲ್ಲ."

ಆಮೇಲೆ ಫೋನಿನಲ್ಲಿ ನೋಡಿ ನೋಡಿ ಕಲಿತ. ಒಣ ಕೂದಲಿಗೆ ಬಾಚಣಿಗೆ ತಾಗಿಸಬಾರದು. ಒದ್ದೆ ಇರುವಾಗಲೇ ಕಂಡೀಷನರ್ ಹಚ್ಚಿ ಬೆರಳಿನಿಂದ, ತುದಿಯಿಂದ ಶುರುಮಾಡಿ ಮೇಲಕ್ಕೆ ಬಿಡಿಸಿಕೊಂಡು ಹೋಗಬೇಕು. ಟವೆಲ್ಲಿನಲ್ಲಿ ಉಜ್ಜಬಾರದು, ಹಳೆಯ ಬನಿಯನ್ನಿನಲ್ಲಿ ಒತ್ತಬೇಕು. ಅಗಸೆ ಬೀಜ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಆ ಲೋಳೆಯನ್ನು ಸುರುಳಿ ಸುರುಳಿಗೂ ಸವರಬೇಕು. ರಜೆ ಸಿಕ್ಕಿದ ದಿನ ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡು ಇದನ್ನೆಲ್ಲ ಮಾಡುತ್ತಿದ್ದ. ಬೀದಿಯಲ್ಲಿ ಹೋಗುವವರು ನಗುತ್ತಿದ್ದರು. ಅವನೂ ನಗುತ್ತಿದ್ದ.

"ಎಮ್ಮೆಗೆ ಉರುಳಿ ಬೇಯ್ಸೋರ್ನ ನೋಡಿದ್ದೆ," ಅನ್ನುತ್ತಿದ್ದರು ಅತ್ತೆ. "ಎಂಡ್ರ ತಲೆಗೆ ಅಗಸೆ ಬೇಯ್ಸೋನ್ನ ಈ ಮನೇಲೆ ನೋಡಿದ್ದು."

"ನಿಂಗೂ ಅಚ್ತೀನಿ ಬಾರವ್ವ."

"ಥೂ, ಓಗ್ಲಾ."

ಆ ದಿನ ಅವನಿಗೆ ಮಧ್ಯಾಹ್ನದ ಡ್ಯೂಟಿ. ಬೆಳಿಗ್ಗೆ ನನ್ನ ತಲೆ ಬಿಡಿಸಿ, ತುರುಬು ಕಟ್ಟಿ, ಊಟ ಮಾಡಿ ಬೈಕ್ ಹತ್ತಿದ. ಸಂಜೆ ವಾಪಸು ಬರುವಾಗ ಕಾಡಿನ ರಸ್ತೆಯಲ್ಲಿ ಜಿಂಕೆ ಅಡ್ಡ ಬಂತು. ಜಿಂಕೆ ಎದ್ದು ಹೋಯಿತಂತೆ.

ತಿಥಿಯ ದಿನ ಹೆಂಗಸರು ನನ್ನ ತಲೆಯ ಮೇಲೆ ನೀರು ಹೊಯ್ದರು. ತುರುಬಿನ ಮೇಲೆಯೇ ಹೊಯ್ದರು. ಗುಂಗುರು ಕೂದಲನ್ನು ನೆನೆಸಿ, ಬಿಡಿಸದೆ ಒಣಗಲು ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮೇಲೆ ಬಟ್ಟೆ ಸುತ್ತಿಕೊಂಡೆ.

ನಮ್ಮ ಕಡೆ ಕೂದಲು ಹೀಗೆ ಹೆಣೆದುಕೊಂಡು ಗಟ್ಟಿಯಾದರೆ ಮಾದಪ್ಪನ ಜಡೆ ಅನ್ನುತ್ತಾರೆ. ಬಾಚುವಂತಿಲ್ಲ, ಕತ್ತರಿಸುವಂತಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗಿ ಒಪ್ಪಿಸಿ ಬಂದರೆ ಮುಗಿಯಿತು, ಸಾಯುವ ತನಕ ಅದು ದೇವರದು. ಮುಂದಿನ ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಡುವುದೆಂದು ಅತ್ತೆ ನಿಶ್ಚಯಿಸಿದರು. ಅಲ್ಲಿಯವರೆಗೆ ಎರಡು ತುತ್ತು ತಿಂದು ಏಳುತ್ತಿದ್ದವರು ಅಂದು ಮುದ್ದೆ ಪೂರ್ತಿ ಉಂಡರು.

ಮಾದಪ್ಪನ ವಾರವೆಂದು ಸೋಮವಾರ ಸೋಮವಾರ ಜನ ಬರತೊಡಗಿದರು. ಬೆಳಿಗ್ಗೆ ಎದುರಿಗೆ ಸಿಕ್ಕರೆ ಪಕ್ಕಕ್ಕೆ ಸರಿಯುತ್ತಿದ್ದ ಹೆಂಗಸರು ಈಗ ನನ್ನ ಮುಂದೆ ಕೂರುತ್ತಿದ್ದರು. ಗಂಟಿಗೆ ಅರಿಸಿನ ಹಚ್ಚುತ್ತಿದ್ದರು, ವಿಭೂತಿ ಉದುರಿಸುತ್ತಿದ್ದರು. ಎದುರುಮನೆಯ ದೊಡ್ಡಮಲ್ಲಮ್ಮ ಎಲ್ಲರಿಗಿಂತ ಮುಂಚೆ.

"ನನ್ ಮಗ್ಳಿಗೆ ಗಂಡು ಗೊತ್ತಾಗ್ತದ ಏಳವ್ವ."

ನಾನು ಸುಮ್ಮನಿದ್ದೆ.

"ಆಗ್ತದಂತೆ," ಅಂದಳು ದೊಡ್ಡಮಲ್ಲಮ್ಮ ಪಕ್ಕದವಳಿಗೆ. "ಇಲ್ಲ ಅನ್ನಂಗಿದ್ರೆ ಅಂದ್ಬುಡ್ತಿದ್ಲು."

ನಾನು ಪಾಠ ಮಾಡುತ್ತಿದ್ದ ಚಾಮರಾಜನಗರದ ಕಾಲೇಜಿನಿಂದ ಫೋನ್ ಬಂದರೆ ಅತ್ತೆಯೇ ಎತ್ತಿ, ಈಗ ಪಾಠ ಮಾಡೋಕೆ ಬರಾಕಿಲ್ಲ ಅನ್ನುತ್ತಿದ್ದರು. ನನಗೂ ಅದೇ ಬೇಕಿತ್ತು. ತುರುಬು ಬಿಚ್ಚದೆ ಇದ್ದರೆ ಸಾಕಿತ್ತು. ಅವನ ಬೆರಳು ತಿರುಗಿಸಿದ ಸುತ್ತುಗಳು ಒಳಗೆಲ್ಲೋ ಹಾಗೆಯೇ ಇದ್ದವು. ಆದರೆ ಮೇಲೆ ಅರಿಸಿನ ಕಟ್ಟುತ್ತ ಬಂತು. ಅಗಸೆಯ ವಾಸನೆ ಹೋಯಿತು. ಬಂದವರೆಲ್ಲ ಮುಟ್ಟಿ ಮುಟ್ಟಿ, ಅದು ಊರಿನದಾಗುತ್ತ ಹೋಯಿತು. ಬುಡದಲ್ಲಿ ಚರ್ಮ ಎಳೆದು ನೋಯುತ್ತಿತ್ತು. ಆಮೇಲೆ ಒದ್ದೆಯಾಗತೊಡಗಿತು.

ಅಮಾವಾಸ್ಯೆಗೆ ಮುಂಚಿನ ಭಾನುವಾರ ನಿಂಗರಾಜುವಿನ ತಂಗಿ ನಾಗಮಣಿ ಚಾಮರಾಜನಗರದಿಂದ ಬಂದಳು. ಅಲ್ಲಿ ಅಂಗನವಾಡಿಯಲ್ಲಿ ಟೀಚರ್. ಚಪ್ಪಲಿ ಬಿಡುತ್ತಲೇ ಮೂಗು ಮುಚ್ಚಿಕೊಂಡಳು.

"ಅತ್ಗೆ, ಬಗ್ಗು."

ಬಗ್ಗಿದೆ. ಗಂಟನ್ನು ಮೆಲ್ಲಗೆ ಎತ್ತಿದಳು.

"ಕೀವಾಗದೆ ನೋಡಿಲ್ಲಿ ಅವ್ವ. ದೇವ್ರು ಬಂದ್ರೆ ಕೀವು ಬತ್ತದ?"

"ಬಾಯ್ ಮುಚ್ಕೊ. ಪ್ಯಾಟೆ ಸೇರಿ ಎಲ್ಲ ಮರ್ತ್ಬುಟ್ಟೆ."

"ನಾ ಏನೂ ಮರ್ತಿಲ್ಲ. ಅಣ್ಣ ಇದ್ದಿದ್ರೆ ಈ ತಲೆ ನೋಡಿ ನಿನ್ನ ಸುಮ್ನೆ ಬುಡ್ತಿದ್ನ?"

ನಾನು ಮಾತಾಡಿ ಬಹಳ ದಿನವಾಗಿತ್ತು.

"ಅತ್ತೆ, ಇದು ಜಡೆ ಅಲ್ಲ," ಅಂದೆ. "ಅವತ್ತು ಬೆಳಿಗ್ಗೆ ಅವ್ರು ಕಟ್ಟಿದ ತುರುಬು. ನಾನು ಬಿಚ್ಚಲಿಲ್ಲ."

ಅವರು ಕಂಬಕ್ಕೆ ಒರಗಿದರು.

"ನಂಗೊತ್ತಿಲ್ವ," ಅಂದರು. "ನನ್ ಕಣ್ಮುಂದೇನೆ ಕಟ್ಟುದ್ನಲ್ಲ."

ನಾಗಮಣಿ ಅವರ ಮುಖ ನೋಡಿದಳು.

"ತಿಥಿ ಆದ್ಮೇಲೆ ಒಬ್ಬೊಬ್ಳು ಒಂದೊಂದ್ ಅಂದ್ಲು. ಅವಳ್ ತಲೆ ನೋಡಕ್ಕಾಗಕಿಲ್ಲ, ಕತ್ತರ್ಸಾಕು ಅಂತ. ದೇವ್ರುದು ಅಂದ್ಬುಟ್ರೆ ಯಾರು ಮುಟ್ಟಾರು? ಬೆಟ್ಟಕ್ಕೆ ಓಗಿ ಒಪ್ಪಿಸ್ಬುಟ್ರೆ ನನ್ ಮಗ ಕಟ್ಟಿದ್ದು ಅಂಗೇ ಉಳ್ಕತದೆ ಅಂದ್ಕಂಡೆ."

ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಹೇಳದೆ, ನಾವಿಬ್ಬರೂ ಅದನ್ನೇ ಕಾಯುತ್ತಿದ್ದೆವು.

ಅತ್ತೆ ನನ್ನ ಕಡೆ ತಿರುಗಿದರು. "ನೋಯ್ತದ?"

"ನೋಯ್ತದೆ."

ಎದ್ದು ಹೋಗಿ ಒಲೆಯ ಮೇಲೆ ನೀರಿಟ್ಟರು.

ನಾಗಮಣಿ ಕತ್ತರಿ ಹುಡುಕಿದಳು. "ಕತ್ರಿ ಬ್ಯಾಡ," ಅಂದರು ಅತ್ತೆ ಅಲ್ಲಿಂದಲೇ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು ಗಂಟಿನ ಮೇಲೆ ಸುರಿದರು. ಅದು ಇಳಿಯುವವರೆಗೆ ಕಾದೆವು. ಆಮೇಲೆ ನೀರು. ಕಲ್ಲಿನ ಮೇಲೆ ಹಳದಿ ಹರಿಯಿತು, ಬೂದಿ ಹರಿಯಿತು. ಬಚ್ಚಲಿನ ಗೂಡಿನಲ್ಲಿ ಅವನು ಅರ್ಧ ಉಳಿಸಿದ್ದ ಕಂಡೀಷನರ್ ಇತ್ತು. ಬೇಡ ಅನ್ನಬೇಕು ಅನ್ನಿಸಿತು. ಅಷ್ಟರಲ್ಲಿ ನಾಗಮಣಿ ಹಿಂಡಿಬಿಟ್ಟಿದ್ದಳು.

ತುದಿ ಎಲ್ಲಿದೆ ಎಂದು ಹುಡುಕುವುದಕ್ಕೇ ಹೊತ್ತಾಯಿತು. ಒಂದೊಂದೇ ಎಳೆ ಬಿಡಿಸುತ್ತ ಬಂದಳು. ಅತ್ತೆ ನನ್ನ ಎದುರು ಕುಕ್ಕರುಗಾಲಲ್ಲಿ ಕೂತು ನನ್ನ ಮೊಣಕಾಲುಗಳನ್ನು ಹಿಡಿದುಕೊಂಡಿದ್ದರು. ಹೆರಿಗೆಯಲ್ಲಿ ಹಿಡಿದುಕೊಳ್ಳುವ ಹಾಗೆ. ಈ ಮನೆಯಲ್ಲಿ ನನಗೆ ಹೆರಿಗೆಯಾಗುವ ದಿನ ಬರಲಿಲ್ಲ.

ಬಿಸಿಲು ಹಿಂದಿನ ಗೋಡೆ ಹತ್ತಿದಾಗ ನಾಗಮಣಿಯ ಕೈ ನಿಂತಿತು. ಸಿಕ್ಕೆಲ್ಲ ಮುಗಿದು, ಬುಡದ ಹತ್ತಿರ ಒಳಗಿನ ಸುತ್ತು ಮಾತ್ರ ಉಳಿದಿತ್ತು.

"ಇದು ಸಿಕ್ಕಲ್ಲ," ಅಂದಳು. "ಅಣ್ಣ ಕಟ್ಟಿದ್ದು. ಅವ್ವ, ನೀ ಬುಡ್ಸು."

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮುಂದೆ ಬಾಗಿ, ನನ್ನ ಕುತ್ತಿಗೆಯ ಹಿಂದೆ ಇಟ್ಟರು. ಹಕ್ಕಿಮರಿಯನ್ನು ಹಿಡಿದಂತೆ ಅದನ್ನು ಅಂಗೈಯೊಳಗೆ ಹಿಡಿದುಕೊಂಡರು. ಅವರ ಹಣೆ ನನ್ನ ಭುಜಕ್ಕೆ ತಾಗಿತ್ತು. ಉಸಿರು ಕೇಳುತ್ತಿತ್ತು.

"ನನ್ ಕೈಲಾಗಕಿಲ್ಲ," ಅಂದರು.

ನಾನೇ ಕೈ ಹಿಂದೆ ಚಾಚಿದೆ. ಬಿಗಿಯಾಗಿರಲಿಲ್ಲ. ಒಂದೇ ಸಲ ಎಳೆದದ್ದಕ್ಕೆ ಬಿಚ್ಚಿಕೊಂಡು ಬೆನ್ನಿನ ಮೇಲೆ ಬಿತ್ತು. ಒದ್ದೆ ಕೂದಲು. ಬೇರೇನೂ ಅಲ್ಲ.

ಕಲ್ಲಿನ ಮೇಲೆ ಉದುರಿದ್ದ ಕೂದಲನ್ನು ಅತ್ತೆ ಗುಡ್ಡೆ ಮಾಡಿದರು. ಅದನ್ನು ಏನು ಮಾಡಿದರೋ ನಾನು ಕೇಳಲಿಲ್ಲ.

ಮರುದಿನ ಸೋಮವಾರ. ನಾಗಮಣಿ ಹುಣ್ಣಿಗೆ ಹಚ್ಚಲು ಮುಲಾಮು ಕೊಟ್ಟು ಮೊದಲ ಬಸ್ಸಿಗೆ ಹೋಗಿದ್ದಳು. ನಾನು ಒಳಗೆ, ಸ್ನಾನ ಮಾಡಿ ತಲೆ ಬಿಟ್ಟುಕೊಂಡು ಕೂತಿದ್ದೆ. ಬೀದಿಯಲ್ಲಿ ದೊಡ್ಡಮಲ್ಲಮ್ಮನ ದನಿ ಕೇಳಿಸಿತು. ಅತ್ತೆ ಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಜರುಗು ಗುರುಮಲ್ಲಿ, ಅರಿಸ್ನ ಅಚ್ಬುಟ್ಟು ಓಯ್ತೀನಿ."

"ಇಲ್ಲ ಕಣವ್ವ."

"ಇಲ್ಲ ಅಂದ್ರೆ?"

"ಮಾದಪ್ಪ ಓದ."

"ಅದೆಂಗೋಯ್ತಾನೆ? ಬಂದೋನು ಅಂಗೆಲ್ಲ ಓಗಾನ? ಏನ್ ತೆಪ್ ಮಾಡುದ್ರಿ?"

"ಏನೂ ಮಾಡ್ನಿಲ್ಲ. ಇದ್ದ. ಓದ," ಅಂದರು ಅತ್ತೆ. "ಓಗೋರ್ನ ಯಾರ್ ಇಡ್ಕಂಡಾರು."

ದೊಡ್ಡಮಲ್ಲಮ್ಮ ತಂದ ಅರಿಸಿನವನ್ನು ಹಾಗೆಯೇ ಹಿಡಿದುಕೊಂಡು ಹೋದಳು. ಅತ್ತೆ ಬಾಗಿಲನ್ನು ಅರ್ಧ ಮುಚ್ಚಿ ಒಳಗೆ ಬಂದರು. ನನ್ನ ಮುಖ ನೋಡಲಿಲ್ಲ, ಕೂದಲನ್ನೂ ನೋಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಚಾಪೆಯನ್ನು ಎತ್ತಿಕೊಂಡು ಹಿತ್ತಲ ಕಡೆ ನಡೆದರು.

"ಬಿಸ್ಲಿಗೆ ಬಾ," ಅಂದರು. "ಒಣಗ್ಲಿ."