ತರಲೆ ಮಾವನ ದನಿ

ಬಾಗಿಲು ಹಾಕಿದ ಮೇಲೂ ಒಳಗಡೆ ದೀಪ ಉರೀತಾನೇ ಇರುತ್ತೆ ಸಾರ್, ಎನ್ನುತ್ತಿದ್ದಾಳೆ ಕಿವಿಯೊಳಗಿನ ಹೆಂಗಸು, ಮುಚ್ಚಿದ ಫ್ರಿಜ್ಜಿನೊಳಗೆ ದೀಪ ಉರಿಯುವುದು ಈಕೆಗೆ ಹೇಗೆ ಗೊತ್ತಾಯಿತು, ಒಳಗೆ ಹೋಗಿ ಕೂತಿದ್ದಳೇ — ತರಲೆ ಮಾವನಾಗಿದ್ದರೆ ಕೇಳಿಯೇಬಿಡುತ್ತಿದ್ದ, ಏನಮ್ಮಾ, ಬದನೆಕಾಯಿ ಪಕ್ಕ ಜಾಗ ಸಿಕ್ತಾ, ಎಂದು ಮೂಗಿನಲ್ಲಿ ನಗುತ್ತಿದ್ದ, ಆದರೆ ತರಲೆ ಮಾವ ಮರದ ಗೊಂಬೆ, ಮನೆಯ ಬೀರುವಿನ ಮೇಲೆ ಪೆಟ್ಟಿಗೆಯಲ್ಲಿ ಮಲಗಿ ಐದು ತಿಂಗಳಾಯಿತು, ಅವನಿಗೆ ದನಿ ಕೊಡುತ್ತಿದ್ದವನು ಇಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ದೂರು ಬರೆದುಕೊಳ್ಳುತ್ತಿದ್ದಾನೆ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಮೇಡಂ, ನಲವತ್ತೆಂಟು ಗಂಟೆಯೊಳಗೆ ನಮ್ಮ ಮೆಕ್ಯಾನಿಕ್ ಬರ್ತಾರೆ, ಹಿಂದಿನಿಂದ ಸೂಪರ್‌ವೈಸರ್ ಹಾದುಹೋಗುತ್ತಾಳೆ, ಬಾಯಿ ಚೆನ್ನಾಗಿ ಬಿಡಿ, ತುಟಿ ಅಗಲ ಮಾಡಿ ನಗ್ತಾ ಮಾತಾಡಿ, ನಗು ಫೋನಲ್ಲೂ ಕೇಳ್ಸುತ್ತೆ, ಕೇಳಿಸುತ್ತದೆ ತಾಯಿ, ಕೇಳಿಸದೆ ಎಲ್ಲಿಗೆ ಹೋಗುತ್ತದೆ, ದಿನಕ್ಕೆ ಎಂಟು ಗಂಟೆ ತುಟಿ ಅಗಲ ಮಾಡಿ ಮಾಡಿ, ತುಟಿ ಅಲ್ಲಾಡಿಸದೆ ಮಾತಾಡುವ ವಿದ್ಯೆಯೇ ಕೈಬಿಟ್ಟುಹೋದಂತಿದೆ, ಬಿಟ್ಟಿದೆಯೋ ಇಲ್ಲವೋ ಇವತ್ತು ಸಂಜೆ ಗೊತ್ತಾಗುತ್ತದೆ, ಬೇಡ, ಅದನ್ನು ಈಗ ಯೋಚಿಸುವುದು ಬೇಡ, ಮುಂದಿನ ಕರೆ, ನಮಸ್ಕಾರ, ಹೇಳಿ — ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಮಗಳ ಟೀಚರ್ ಫೋನ್ ಮಾಡಿದ್ದರು, ಎರಡು ವಾರದಿಂದ ಕ್ಲಾಸಲ್ಲಿ ಬಾಯೇ ಬಿಡ್ತಿಲ್ಲ ನಿಮ್ಮ ಹುಡುಗಿ, ಆಟಕ್ಕೆ ಕರೆದ್ರೂ ಗೋಡೆ ಪಕ್ಕ ನಿಂತ್ಕೋತಾಳೆ, ಮನೇಲಿ ಏನಾದ್ರೂ ಹೇಳಿದ್ಲಾ, ಇಲ್ಲ, ಏನೂ ಹೇಳಿಲ್ಲ, ಅವಳಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು, ಇವನು ಕೇಳಿದ, ಅಜ್ಜಿ ಚಾಕೊಲೇಟ್ ತೋರಿಸಿ ಕೇಳಿದರು, ಆರು ವರ್ಷದ ಮಗು ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು, ಕೊನೆಗೆ ಇವತ್ತು ಬೆಳಿಗ್ಗೆ ಶೂ ಲೇಸು ಕಟ್ಟಿಸಿಕೊಳ್ಳುವಾಗ, ತರಲೆ ಮಾವನಿಗಾದ್ರೆ ಹೇಳ್ತೀನಿ, ಎಂದಳು, ಅವನು ಯಾರಿಗೂ ಹೇಳಲ್ಲ, ಇವತ್ತು ಅವನನ್ನ ಎಬ್ಬಿಸ್ತೀಯಾ ಅಪ್ಪಾ, ಹೂಂ ಎಂದುಬಿಟ್ಟ, ಹೂಂ ಎನ್ನುವುದಕ್ಕೆ ಏನು ಕಷ್ಟ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಕಿಟಕಿಯ ಗಾಜಿನಲ್ಲಿ ತನ್ನ ಬಾಯಿ ನೋಡಿಕೊಳ್ಳುತ್ತಾನೆ, ಹಲ್ಲು ಚೂರು ಬಿಟ್ಟು, ತುಟಿ ಸಡಿಲ, ನಾಲಿಗೆ ಮಾತ್ರ ದುಡಿಯಬೇಕು, ಕ, ಟ, ನ ಎಲ್ಲ ಸುಲಭ, ಪ, ಬ, ಮ ಇವೇ ಪೀಡೆಗಳು, ತುಟಿಗೆ ತುಟಿ ತಾಗದೆ ಹೊರಡುವುದಿಲ್ಲ, ಅವನ್ನು ನಾಲಿಗೆಯ ತುದಿಯಿಂದ ಹಲ್ಲಿನ ಹಿಂದೆ ಒತ್ತಿ ಕದ್ದು ಹೊರಡಿಸಬೇಕು, ಆ ಕಳ್ಳತನ ಕಲಿಸಿದ ಜಾದೂಗಾರ ಮುದುಕ ಹೇಳುತ್ತಿದ್ದ, ಹತ್ತೇ ನಿಮಿಷ ಸಾಕು ಕಣಯ್ಯಾ, ಆದ್ರೆ ದಿನಾ ಹತ್ತು ನಿಮಿಷ, ಜ್ವರ ಬಂದ್ರೂ ಸರಿ, ಮದುವೆ ಆದ್ರೂ ಸರಿ, ಹನ್ನೊಂದು ವರ್ಷ ಹಾಗೇ ನಡೆಸಿದ, ಜ್ವರದಲ್ಲೂ, ಮದುವೆಯ ಬೆಳಿಗ್ಗೆಯೂ, ಬಚ್ಚಲುಮನೆಯ ಕನ್ನಡಿಯ ಮುಂದೆ ಆರರಿಂದ ಆರೂ ಹತ್ತು, ಹೊರಗಿನಿಂದ ಹೆಂಡತಿ, ಒಳಗೆ ಎಷ್ಟು ಜನ ಇದೀರಾ, ಎಲ್ಲರೂ ಬೇಗ ಬನ್ನಿ, ಎಂದು ನಗುತ್ತಿದ್ದಳು — ಆಮೇಲೆ ಅತ್ತೆ ಜಾರಿಬಿದ್ದು ಸೊಂಟ ಮುರಿದುಕೊಂಡು ಇವರ ಮನೆಗೆ ಬಂದರು, ಆರಕ್ಕೆ ಬಚ್ಚಲು ಅವರಿಗೆ ಬೇಕು, ನ್ಯಾಯವೇ, ಆರೂವರೆ ಮಾಡಿಕೊಂಡ, ಅಷ್ಟರಲ್ಲಿ ಪಾಪು ಹುಟ್ಟಿತು, ಅದು ಏಳುವುದು ಸರಿಯಾಗಿ ಆರೂವರೆಗೆ, ಇಡೀ ಬೀದಿಯೇ ಏಳುವ ಹಾಗೆ, ಊಟದ ಬಿಡುವಿಗೆ ಬದಲಾಯಿಸಿಕೊಂಡ, ಆಫೀಸಿನ ಮೆಟ್ಟಿಲ ಕೆಳಗೆ ಒಬ್ಬನೇ ನಿಂತು ಗೊಣಗುವುದನ್ನು ಕಾವಲುಗಾರ ಎರಡು ದಿನ ನೋಡಿ, ಸಾರ್, ಮೈ ಹುಷಾರಿಲ್ವಾ, ಎಂದ, ಬಿಡುವನ್ನೂ ಇಪ್ಪತ್ತು ನಿಮಿಷಕ್ಕೆ ಇಳಿಸಿದರು, ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ ಬಿತ್ತು, ಅಡುಗೆ ಇವನದು, ಬಟ್ಟೆ ಇವನದು, ಅತ್ತೆಯ ಮಾತ್ರೆ ಇವನದು, ಒಂದು ದಿನ ತಪ್ಪಿತು, ನಾಳೆ ಇಪ್ಪತ್ತು ನಿಮಿಷ ಮಾಡಿದರಾಯಿತು ಎಂದುಕೊಂಡ, ಭಾನುವಾರ ಒಂದು ಗಂಟೆ, ರಜೆ ಸಿಕ್ಕಾಗ ಒಂದಿಡೀ ದಿನ, ಯಾರನ್ನು ಬೈಯುವುದು, ಎದ್ದು ನಿಲ್ಲಲಾರದ ಅತ್ತೆಯನ್ನೇ, ಎಂಟು ತಿಂಗಳ ಕೂಸನ್ನೇ, ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ಗೊಂಬೆ ಪೆಟ್ಟಿಗೆಯಲ್ಲಿದೆಯಲ್ಲ, ದನಿಯೂ ಅದರ ಜೊತೆ ಅಲ್ಲೇ ಮಡಚಿಕೊಂಡು ಇರುತ್ತದೆ ಎಂದು ನಂಬಿಕೊಂಡಿದ್ದ ಪೆದ್ದ, ಈಗ ಮೆಲ್ಲಗೆ, ಯಜಮಾನ್ರೇ, ಎನ್ನುತ್ತಾನೆ, ತರಲೆ ಮಾವ ಮಗಳನ್ನು ಕರೆಯುವುದು ಹಾಗೆ, ಮ ಬಂದೊಡನೆ ಗಾಜಿನಲ್ಲಿ ಕೆಳತುಟಿ ಮೇಲಕ್ಕೆ ಓಡುತ್ತದೆ, ಮತ್ತೆ, ಯಜಮಾನ್ರೇ, ಮತ್ತೆ ಓಡಿತು, ಏನಪ್ಪಾ ಕರೆದ್ಯಾ, ಎನ್ನುತ್ತಾರೆ ಸೀಟಿನಲ್ಲಿ ಕೂತ ಅಜ್ಜಿ, ಇಲ್ಲಮ್ಮಾ, ನಿಮ್ಮನ್ನಲ್ಲ.

ಮಗಳು ತಾನೇ ತಲೆ ಬಾಚಿಕೊಂಡು ಮಂಚದ ಮೇಲೆ ಕೂತಿದ್ದಾಳೆ, ಬೈತಲೆ ಸೊಟ್ಟಗಿದೆ, ತರಲೆ ಮಾವನಿಗಾಗಿ ಬಾಚಿಕೊಂಡಿದ್ದಾಳೆ, ಅಯ್ಯೋ ಕಂದ, ಅತ್ತೆಗೆ ಮಾತ್ರೆ ಕೊಟ್ಟು, ಪಾಪು ನಿದ್ದೆಯಲ್ಲಿದೆ ಎಂದು ಎರಡು ಸಲ ಇಣುಕಿ, ಪೆಟ್ಟಿಗೆ ಇಳಿಸುತ್ತಾನೆ, ಬಾಗಿಲು ಮುಂದಕ್ಕೆ ಮಾಡುತ್ತಾನೆ, ಗೊಂಬೆಯ ಕೆನ್ನೆಯ ಕೆಂಪು ಹಾಗೇ ಇದೆ, ಬೆನ್ನೊಳಗೆ ಕೈ ಹಾಕಿದರೆ ಬೆರಳುಗಳಿಗೆ ಎಲ್ಲ ನೆನಪಿದೆ, ದವಡೆಯ ಕಡ್ಡಿ, ಹುಬ್ಬಿನ ದಾರ, ಹುಬ್ಬು ಟಣಕ್ಕೆಂದು ಏರಿತು, ಮಗಳು ಕಿಸಕ್ಕನೆ ನಕ್ಕಳು, ದನಿಯೂ ಬಂದೀತು, ಬರುತ್ತದೆ, ದಾರಿಯುದ್ದಕ್ಕೂ ಆರಿಸಿಟ್ಟುಕೊಂಡ ಮಾತು, ಪೀಡೆಗಳಿಲ್ಲದ ಮಾತು, ಏನ್ರೀ, ಎಲ್ಲಿ ಹೋಗಿದ್ರಿ ಇಷ್ಟು ದಿನ, ಮೂಗಿನಿಂದ ಬಂತು, ಹಳೆಯ ತರಲೆಯ ದನಿಯಲ್ಲೇ ಬಂತು, ನಾನಲ್ಲ, ನೀನೇ ನಿದ್ದೆ ಮಾಡ್ತಿದ್ದೆ, ಎನ್ನುತ್ತಾಳೆ ಮಗಳು ಗೊಂಬೆಯ ಗಾಜಿನ ಕಣ್ಣನ್ನೇ ನೋಡುತ್ತಾ, ಮರದ ಗೊಂಬೆ, ಅಪ್ಪನ ಕೈ ಒಳಗಿದೆ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತು, ಆದರೂ ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಅಪ್ಪನ ಮುಖ ನೋಡಿದ್ದಿಲ್ಲ, ಮಾತೆಲ್ಲ ಗೊಂಬೆಯ ಜೊತೆ, ಹತ್ತಿರ ಸರಿದಳು, ಮರದ ಕಿವಿಗೆ ಬಾಯಿಟ್ಟಳು, ತರಲೆ ಮಾವ, ಒಂದು ವಿಷ್ಯ ಹೇಳ್ಲಾ, ಯಾರಿಗೂ ಹೇಳ್ಬಾರ್ದು, ಸ್ಕೂಲಲ್ಲಿ ಒಬ್ಳು ಇದಾಳಲ್ಲ — ಒಳಕೋಣೆಯಲ್ಲಿ ಪಾಪು ಎದ್ದಿತು, ಮಗು ಎದ್ದಿದೆ ನೋಡಪ್ಪಾ, ಅತ್ತೆಯ ಕೂಗು, ಮಗಳು ಮಾತು ನಿಲ್ಲಿಸಿ ಕಾಯುತ್ತಿದ್ದಾಳೆ, ತರಲೆ ಮಾವ ಏನಾದರೂ ಅನ್ನಬೇಕು, ಈಗಲೇ ಅನ್ನಬೇಕು, ಆತುರದಲ್ಲಿ ದವಡೆ ಎಳೆದ, ಹೇಳಿ ಯಜಮಾನ್ರೇ, ಏನು ತೊಂದರೆ, ಎಂದ, ಬಂದದ್ದು ತರಲೆ ಮಾವನ ದನಿಯಲ್ಲ, ಬೆಳಗಿನಿಂದ ಫೋನಿನಲ್ಲಿ ಆಡಿದ ದನಿ, ಸ್ಪಷ್ಟವಾದ, ವಿನಯದ ದನಿ, ತುಟಿಗಳು ತಾವಾಗಿ ಅಗಲವಾಗಿ ನಕ್ಕವು, ಮಗಳ ಕಣ್ಣುಗಳು ಗೊಂಬೆಯ ಮುಖ ಬಿಟ್ಟು, ಮೆಲ್ಲಗೆ, ಅವನ ತುಟಿಯ ಮೇಲೆ ಬಂದು ನಿಂತವು.

ಏನಿಲ್ಲ, ಎಂದಳು, ಸುಮ್ನೆ, ಅವನಿಗೆ ನಿದ್ದೆ ಬಂದಿದೆ, ಮಲಗ್ಲಿ ಬಿಡು, ಗೊಂಬೆಯ ಕೈಯನ್ನು ಎದೆಯ ಮೇಲೆ ತಾನೇ ಮಡಿಸಿಟ್ಟಳು, ದೊಡ್ಡವರು ಮಾತು ಮರೆಸುವ ಹಾಗೆ, ಯಾರಮ್ಮಾ ಅವಳು, ಸ್ಕೂಲಲ್ಲಿ ಏನಾಯ್ತು, ಎಂದು ಅಪ್ಪನಾಗಿಯೇ ಕೇಳಿದ, ಯಾರೂ ಇಲ್ಲ ಅಪ್ಪಾ, ಪಾಪು ಅಳ್ತಿದೆ, ಹೋಗು, ಹೋದ, ಪಾಪುವನ್ನು ಹೆಗಲಿಗೆ ಹಾಕಿಕೊಂಡು ಒಲೆಯ ಮುಂದೆ ನಿಂತಿದ್ದಾನೆ, ಹಾಲು ಬಿಸಿಯಾಗುತ್ತಿದೆ, ನಾಳೆಯಿಂದ ಐದಕ್ಕೇ ಏಳುತ್ತೇನೆ, ಐದಕ್ಕೆ ಬಚ್ಚಲು ಯಾರಿಗೂ ಬೇಡ, ಎರಡು ತಿಂಗಳು ಬಿಡದೆ ಮಾಡಿದರೆ ಮ ಬಂದೀತು, ಎರಡು ತಿಂಗಳು ಅವಳು ಗೋಡೆ ಪಕ್ಕ ನಿಂತಿರಬೇಕೇ, ಒಬ್ಬಳು ಇದಾಳಲ್ಲ ಎಂದಳು, ಯಾರವಳು, ಏನು ಮಾಡಿದಳು, ಹೊಡೆದಳೇ, ಐದಕ್ಕಲ್ಲ, ನಾಲ್ಕೂವರೆಗೆ, ಇನ್ನು ಕಲಿತು ತಾನೇ ಏನು, ಒಂದು ಸಲ ತುಟಿ ನೋಡಿದ ಮಗು ಮತ್ತೆ ಗೊಂಬೆಯನ್ನು ನೋಡುತ್ತದೆಯೇ, ನೋಡಬಹುದು, ಮಕ್ಕಳು ಮರೆಯುತ್ತಾರೆ, ಮರೆಯುತ್ತಾರೆಯೇ, ಆ ಕಣ್ಣುಗಳಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು, ಮರದ ಮುಖದಿಂದ ಇಳಿದವು, ಹಾಲು ಉಕ್ತಿದೆ ನೋಡಪ್ಪಾ, ಎನ್ನುತ್ತಿದ್ದಾರೆ ಅತ್ತೆ, ಇಳಿದು ಅವನ ತುಟಿಯ ಮೇಲೆ ನಿಂತವು, ಹಾಲು ಕಣಪ್ಪಾ, ನಿಂತಿವೆ, ಗೊಂಬೆಯ ಕಡೆ ತಿರುಗುತ್ತಿಲ್ಲ, ಎರಡು ಕಣ್ಣು, ತುಟಿಯ ಮೇಲೆಯೇ