ದನಿ ನುಂಗುವ ಮೂಲೆ

ಗಜೇಂದ್ರಗಡದಲ್ಲಿ ನನ್ನ ಕಿವಿಗೆ ಒಂದು ಹೆಸರಿತ್ತು. ಮುಖಕ್ಕಿಲ್ಲ, ಮಾತಿಗಂತೂ ಇಲ್ಲವೇ ಇಲ್ಲ. ನೀವು ಬಾಯಿ ತೆರೆದರೆ ಜಗಳಕ್ಕೇ ಬಂದು ನಿಲ್ಲುತ್ತದೆ ಎಂದು ನನ್ನ ಹೆಂಡತಿ ಬಾನುಬಿ ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದಾಳೆ. ಆದರೆ ಮದುವೆಯಿರಲಿ, ಉರುಸಿರಲಿ, ಇಲೆಕ್ಷನ್ನಿರಲಿ, ಮೈಕು ಕುಂಯ್‌ಗುಟ್ಟಿತೆಂದರೆ ಯಾವ ತಂತಿ ಸಡಿಲಾಗಿದೆ ಎಂದು ಕೂತಲ್ಲಿಂದಲೇ ಹೇಳುವವನು ಈ ನಿಜಾಮುದ್ದೀನ ಒಬ್ಬನೇ. ಇದನ್ನು ನನ್ನ ಕಂಡರಾಗದವರೂ ಒಪ್ಪುತ್ತಿದ್ದರು. ಬಸ್‌ಸ್ಟ್ಯಾಂಡಿನ ಎದುರಿಗೇ ನನ್ನ ಅಂಗಡಿ, ಬಾನು ಮೈಕ್ ಸರ್ವಿಸ್. ಹೆಂಡತಿಯ ಹೆಸರಿಟ್ಟದ್ದು ಪ್ರೀತಿಗೋ ಹೆದರಿಕೆಗೋ ಎಂದು ಜನ ಕಾಡುತ್ತಿದ್ದರು.

ಈ ಹೆಸರು ಪುಕ್ಕಟೆ ಬಂದದ್ದಲ್ಲ. ಹರೆಯದಿಂದಲೂ ಜೀಪಿನಲ್ಲಿ ಡ್ರೈವರನ ಎಡಕ್ಕೆ ಕೂತು, ನನ್ನ ತಲೆಯ ಪಕ್ಕದ ಕಿಟಕಿಗೇ ಲೌಡ್‌ಸ್ಪೀಕರಿನ ಹಾರ್ನ್ ಬಿಗಿದುಕೊಂಡು, ರೋಣ, ನರಗುಂದ, ಅಬ್ಬಿಗೇರಿ, ಪುರ್ತಗೇರಿ ಎಂದು ಊರೂರು ಕೂಗುತ್ತ ಅಲೆದವನು ನಾನು. ಆದರೆ ೨೦೦೬ರ ಹೊತ್ತಿಗೆ ಕಾಲ ಬದಲಾಗಿತ್ತು. ಎದೆ ನಡುಗಿಸುವ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿಗಳನ್ನು ಲಾರಿಯಲ್ಲಿ ತರುವ ಹುಡುಗರು ಬಂದಿದ್ದರು. ನನ್ನ ಹಾರ್ನುಗಳು ಅಂಗಡಿಯ ಗೋಡೆಗೆ ನೇತುಬಿದ್ದು ಧೂಳು ತಿನ್ನುತ್ತಿದ್ದವು. ಕೈಗೆ ಕೆಲಸವಿಲ್ಲದಿದ್ದರೆ ನನಗೆ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಎನಿಸುತ್ತದೆ. ದಿನಕ್ಕೆ ಹತ್ತು ಸಲ ಅಂಗಡಿಯ ಕದ ಹಾಕಿ ತೆಗೆದು ಮಾಡುತ್ತಿದ್ದೆ.

ಅಂಥದ್ದರಲ್ಲಿ ಕಾಳುಕಡಿ ವ್ಯಾಪಾರಿ ಗುರುಪಾದ ಸಾವಕಾರರು ಕರೆ ಕಳಿಸಿದರು. ಹೊಸ ಮನೆ ಕಟ್ಟಿಸಿದ್ದರು, ಗೋಡೆ ತುಂಬುವಷ್ಟು ದೊಡ್ಡ ಟಿವಿ ತಂದಿದ್ದರು.

“ನಿಜಾಮಣ್ಣ, ಈ ಭಾಗದಾಗ ಯಾರ ಮನ್ಯಾಗೂ ಇರಬಾರದು, ಅಂಥಾ ಹೋಂ ಥಿಯೇಟರ್ ಕೂಡಸಬೇಕು. ಯಾವುದು ತರೂದು, ಹ್ಯಾಂಗ ಜೋಡಸೂದು, ಎಲ್ಲಾ ನಿಮಗ ಬಿಟ್ಟದ್ದು. ನಿಮ್ಮ ಕಿವಿಗೆ ಚಲೋ ಅನಿಸಿದ್ರ ನಮಗೂ ಚಲೋ.”

ನಾನು ಹಿರಿಹಿರಿ ಹಿಗ್ಗಿದೆ. ಇದೊಂದು ಕೆಲಸ ಸರಿಯಾಗಿ ಆದರೆ ಊರಿನ ಉಳಿದ ವರ್ತಕರೂ ಕರೆಯುತ್ತಾರೆ. ತಪ್ಪಿದರೆ ನನ್ನ ಕಿವಿಯ ಹೆಸರೂ ಹಾರ್ನುಗಳ ಜೊತೆ ಗೋಡೆಗೆ ನೇತುಬೀಳುತ್ತದೆ. ಇಷ್ಟು ನನಗೆ ಚೆನ್ನಾಗಿ ಗೊತ್ತಿತ್ತು.

ನಾನೂ ಸಾವಕಾರರೂ ಹುಬ್ಬಳ್ಳಿಗೆ ಹೋದೆವು. ಹೋಂ ಥಿಯೇಟರಿನಲ್ಲಿ ರಿಸೀವರ್ ಎಂಬುದೇ ಯಜಮಾನ. ಡಿವಿಡಿ, ಟಿವಿ, ರೇಡಿಯೋ ಎಲ್ಲದರ ತಂತಿಯೂ ಬಂದು ಸೇರುವುದು ಅದರ ಬೆನ್ನಿಗೆ. ಐದು ಸ್ಪೀಕರುಗಳಿಗೂ ಗುಮ್ಮೆನ್ನುವ ಇನ್ನೊಂದು ಡಬ್ಬಿಗೂ ದನಿಯ ಪಾಲು ಹಂಚುವುದೂ ಅದೇ. ಅಂಗಡಿಯ ಟೈ ಕಟ್ಟಿದ ಹುಡುಗ ‘ಮೂರು ಸಾವಿರ ವ್ಯಾಟ್’ ಎಂದು ಬರೆದ ಮಿರಮಿರ ಮಿಂಚುವ ಪೆಟ್ಟಿಗೆಯೊಂದನ್ನು ತಂದಿಟ್ಟ. ನನ್ನ ಮೈ ಉರಿಯಿತು.

“ಮೂರ ಸಾವಿರ ವ್ಯಾಟ್ ಖರೇ ಇದ್ರ ನಿಮ್ಮ ಅಂಗಡಿ ಗಾಜು ಉಳೀತಿದ್ದಿಲ್ಲೋ ತಮ್ಮಾ! ಇದನ್ನ ಯಾರಿಗೆ ಹೇಳ್ತಿ?”

ಆಮೇಲೆ ನಾನು ನನ್ನ ಪದ್ಧತಿಯಂತೆ ಒಂದೊಂದೇ ರಿಸೀವರನ್ನು ಎರಡೂ ಕೈಯಲ್ಲಿ ಎತ್ತಿ ನೋಡತೊಡಗಿದೆ. ಒಳಗಿನ ಟ್ರಾನ್ಸ್‌ಫಾರ್ಮರ್ ಗಟ್ಟಿಯಾಗಿದ್ದರೆ ಪೆಟ್ಟಿಗೆ ಭಾರವಿರುತ್ತದೆ. ಹಗುರಾಗಿದ್ದರೆ ಮೇಲೆ ಬರೆದ ಅಂಕಿ ಬರೀ ಬಣ್ಣ. ಮೈಕಿನವರು ಆ್ಯಂಪ್ಲಿಫೈಯರ್ ಆರಿಸುವುದೇ ಹೀಗೆ.

“ಕಲ್ಲಂಗಡಿ ತೊಗೊಳಾಕ ಬಂದೀವೇನು ನಿಜಾಮಣ್ಣ?” ಎಂದು ಸಾವಕಾರರು ನಾಚಿಕೊಂಡರು. ಹುಡುಗ ಎಡಗಡೆ ನಿಂತು ಏನೋ ಗೊಣಗುತ್ತಲೇ ಇದ್ದ, ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂಲೆಯಲ್ಲಿದ್ದ, ಯಾವ ಥಳಕೂ ಇಲ್ಲದ ಕರಿಯ ರಿಸೀವರ್ ಒಂದನ್ನು ಎತ್ತಿದಾಗ ಸೊಂಟ ಹಿಡಿಯಿತು. ಇದೇ ಎಂದೆ.

ಅಲ್ಲಿಯವರೆಗೆ ಎಲ್ಲ ಸುಸೂತ್ರ. ಊರಿಗೆ ಬಂದು ಜೋಡಿಸಿದ ಮೇಲೆ ನನ್ನ ಗ್ರಹಚಾರ ಶುರುವಾಯಿತು.

ಮುಂದೆ ಮೂರು, ಹಿಂದೆ ಎರಡು ಸ್ಪೀಕರು. ಹಿಂದಿನ ಎಡ ಮೂಲೆಯ ಗೋಡೆಯಲ್ಲಿ ದೀಪ ಇಡುವ ಕಲ್ಲಿನ ಮಾಡವೊಂದಿತ್ತು. ಸಾವಕಾರರ ತಾಯಿ ಶೇಖವ್ವ ಅದನ್ನು ಹಳೆಯ ಮನೆಯ ಗೋಡೆಯಿಂದ ಬಿಡಿಸಿ ತಂದು, ಹಟ ಹಿಡಿದು ಇಲ್ಲಿ ಕೂಡಿಸಿದ್ದಳು. ಅದರ ಪಕ್ಕದಲ್ಲೇ ಮೊಳೆ ಹೊಡೆದು ಸ್ಪೀಕರ್ ಕೂಡಿಸಿದೆ. ರಿಸೀವರಿನೊಳಗೆ ತಪಾಸಣೆಗೆಂದೇ ಸುಯ್ ಎನ್ನುವ ಒಂದು ಸದ್ದಿರುತ್ತದೆ. ಗುಂಡಿ ಒತ್ತಿದರೆ ಅದು ಒಂದೊಂದೇ ಸ್ಪೀಕರಿನಲ್ಲಿ ಕೇಳಿಸುತ್ತ ಸುತ್ತು ಹಾಕುತ್ತದೆ. ನಡುವಿನ ಕುರ್ಚಿಯಲ್ಲಿ ಕೂತವನಿಗೆ ಐದೂ ಸರಿಸಮ ಕೇಳಬೇಕು.

ಕೂತೆ. ಮುಂದಿನ ಎಡ ತುಸು ಮಂಕು, ಏರಿಸಿದೆ. ನಡು, ಬಲ, ಹಿಂದಿನ ಬಲ, ಎಲ್ಲ ಸ್ಪಷ್ಟ. ಹಿಂದಿನ ಎಡದ ಸರದಿ ಬಂದಾಗ ಎಲ್ಲೋ ಪಕ್ಕದ ಮನೆಯಲ್ಲಿ ಹಾಲು ಉಕ್ಕಿದಷ್ಟು ಸದ್ದು.

ತಂತಿ ಬದಲಿಸಿದೆ, ಸದ್ದು ಅಷ್ಟೇ ಇತ್ತು. ಬಲಗಡೆಯ ಸ್ಪೀಕರನ್ನು ಬಿಚ್ಚಿ ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿದೆ. ಇಷ್ಟು ಹೊತ್ತು ಚೆನ್ನಾಗಿದ್ದದ್ದು ಎಡಕ್ಕೆ ಹೋಗಿ ಮೂಕಾಯಿತು, ಮೂಕಾಗಿದ್ದದ್ದು ಬಲಕ್ಕೆ ಬಂದು ಹಾಡತೊಡಗಿತು. ರಿಸೀವರಿನ ಬೆನ್ನಿನಲ್ಲಿ ತಂತಿ ಅದಲುಬದಲು ಮಾಡಿದೆ. ಊಹೂಂ. ಎದ್ದು ಹೋಗಿ ಮೂಲೆಯ ಸ್ಪೀಕರಿಗೆ ಬಲಗಿವಿ ಹಚ್ಚಿದರೆ ದನಿ ಭರ್ತಿ ಇದೆ. ಕುರ್ಚಿಗೆ ಬಂದು ಕೂತರೆ ಇಲ್ಲ. ಕೊನೆಗೆ ಆ ಸ್ಪೀಕರಿನ ದನಿಯನ್ನಷ್ಟೇ ಏರಿಸುತ್ತ ಏರಿಸುತ್ತ ಹೋದೆ. ಸಾವಕಾರರ ಹೆಂಡತಿ ಒಳಗಿನಿಂದ ಓಡಿ ಬಂದಳು.

“ಅಣ್ಣಾರ, ಆ ಮೂಲ್ಯಾಗಿಂದು ಭಾಳ ಜೋರಾತ್ರಿ. ಕಿವ್ಯಾಗ ಬಂದು ಕೂಗಿದಂಗ ಆಗ್ತೈತಿ.”

ಇವರಿಗೇನು ತಿಳಿಯುತ್ತದೆ ಎಂದುಕೊಂಡೆ. ದಿನಾಲೂ ಹೋಗುವುದು, ಬಿಚ್ಚುವುದು, ಕಟ್ಟುವುದು. ಉಂಡದ್ದು ಮೈಗೆ ಹತ್ತಲಿಲ್ಲ. ದಾರಿಯಲ್ಲಿ ಸಿಕ್ಕವರು ‘ಆತೇನ್ರಿ ಸಾವಕಾರ್ರ ಥಿಯೇಟರು’ ಎಂದು ಕೇಳಿದರೆ ಅವರ ಕುತ್ತಿಗೆ ಹಿಸುಕಬೇಕೆನಿಸುತ್ತಿತ್ತು. ಕಡೆಗೆ ಲೆಕ್ಕ ಹಾಕಿ ಹಾಕಿ ಒಂದು ತೀರ್ಮಾನಕ್ಕೆ ಬಂದೆ. ತಂತಿಯ ತಪ್ಪಲ್ಲ, ಸ್ಪೀಕರಿನ ತಪ್ಪಲ್ಲ, ರಿಸೀವರಿನದೂ ಅಲ್ಲ. ಉಳಿದದ್ದು ಮೂಲೆ.

“ಸಾವಕಾರ್ರ, ಆ ಮೂಲಿ ದನಿ ನುಂಗತೈತಿ. ಆ ಮಾಡ ಒಡದು ಗೋಡಿ ಸಾಪ ಮಾಡಸ್ರಿ.”

ಸಾವಕಾರರ ಮುಖ ಬಿಳಿಚಿತು. ಹೊಸ ಮನೆಯ ಮೂಲೆ ಏನನ್ನಾದರೂ ನುಂಗುತ್ತದೆ ಎಂದರೆ ಯಾವ ವ್ಯಾಪಾರಿಗೆ ನಿದ್ದೆ ಬಂದೀತು? ಶೇಖವ್ವ ಮಾತ್ರ ನನ್ನನ್ನೇ ದುರುಗುಟ್ಟಿ ನೋಡಿದಳು. ಭಾನುವಾರ ಸಂಜೆ ಬೀಗರು, ಓಣಿಯವರು ಸಿನಿಮಾ ನೋಡಲು ಬರುವವರಿದ್ದರು. ಅಷ್ಟರೊಳಗೆ ಗೌಂಡಿ ಈಶಪ್ಪನನ್ನು ಕರೆಸಿ ಮಾಡ ಒಡೆಸುವುದೆಂದು ಮಾತಾಯಿತು. ಆದರೆ ಈಶಪ್ಪ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು, ಭಾನುವಾರವೇ ಬರುತ್ತೇನೆಂದ.

ಮನೆಯಲ್ಲೂ ನನಗೆ ನೆಮ್ಮದಿಯಿರಲಿಲ್ಲ. ಬಾನುಬಿಗೆ ಏನೇನೋ ಹೊಸ ಚಾಳಿ. ಮೊದಲು ಊಟಕ್ಕೆ ಕೂತರೆ ಒಲೆಯ ಕಡೆಗೆ, ನನ್ನ ಎಡಕ್ಕೆ ಕೂರುತ್ತಿದ್ದಳು. ಈಗ ಕೆಲವು ವರ್ಷಗಳಿಂದ ರೊಟ್ಟಿ ಬುಟ್ಟಿ ಎತ್ತಿಕೊಂಡು ಬಲಕ್ಕೆ ಬಂದು ಕೂರುತ್ತಾಳೆ, ಪಲ್ಯ ಬಡಿಸಲು ಪ್ರತಿ ಸಲ ಎದ್ದು ಸುತ್ತು ಹಾಕುತ್ತಾಳೆ. ಗಾಡಿಯ ಮೇಲೆ ಹಿಂದೆ ಕೂತರೆ ಮೈ ತಿರುಚಿ ನನ್ನ ಬಲ ಭುಜಕ್ಕೆ ಗದ್ದ ಊರಿಯೇ ಮಾತಾಡಬೇಕು. ಗಾಡಿ ಓಲಾಡುತ್ತದೆ, ನಾನು ಬೈಯುತ್ತೇನೆ. ಹಿಂದೊಮ್ಮೆ ನನಗೆ ಒಂದು ಮಾತೂ ಹೇಳದೆ ತವರು ಅಬ್ಬಿಗೇರಿಗೆ ಹೋಗಿಬಿಟ್ಟಿದ್ದಳು. ತಾಯಿಗೆ ಹುಷಾರಿಲ್ಲವೆಂದು ಆಮೇಲೆ ತಿಳಿಯಿತು. ಸರಿ, ಆದರೆ ಹೇಳಿ ಹೋಗಲು ಬಾಯಿಗೆ ಏನಾಗಿತ್ತು? ಆಗ ಎಷ್ಟೋ ದಿನ ಅವಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಮಾಡ ಒಡೆಸುವ ಸುದ್ದಿ ಕೇಳಿ, ರೊಟ್ಟಿ ಬಡಿಸುತ್ತಿದ್ದ ಬಾನುಬಿಯ ಕೈ ನಿಂತಿತು.

“ಒಡಸಬ್ಯಾಡ್ರಿ. ಮೊದಲ ಆ ಕುರ್ಚಿ ಮ್ಯಾಲೆ ಬ್ಯಾರೆ ಯಾರನ್ನರೆ ಕುಂಡ್ರಿಸಿ ಕೇಳಸ್ರಿ.”

“ಯಾಕ? ನನ್ನ ಕಿವಿ ಮ್ಯಾಲೆ ನಿನಗ ಭರೋಸಾ ಇಲ್ಲೇನು?”

ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಭಾನುವಾರ ಇಬ್ಬರೂ ಹೋದೆವು. ಸಾವಕಾರರ ಹಾಲ್ ತುಂಬ ಜನ. ಈಶಪ್ಪ ಸುತ್ತಿಗೆ, ಉಳಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಮಾಡದಲ್ಲಿ ದೀಪ ಉರಿಯುತ್ತಿತ್ತು. ಬೇಕೆಂದೇ ಹಚ್ಚಿಟ್ಟಿದ್ದಳು ಶೇಖವ್ವ.

“ಒಡೀಯಪಾ, ಬ್ಯಾಡ ಅನ್ನಂಗಿಲ್ಲ,” ಎಂದಳು ಶೇಖವ್ವ. “ಆದ್ರ ಅದಕ್ಕಿಂತ ಮೊದಲ ಒಮ್ಮೆ ನಾವೂ ಕೇಳತೀವಿ. ಎಲ್ಲಾರೂ ಕಣ್ಣ ಮುಚ್ಚರಿ. ಸಪ್ಪಳ ಎಲ್ಲಿಂದ ಬರತೈತಿ ಬೆರಳ ಮಾಡಿ ತೋರಸ್ರಿ. ಗುರುಪಾದ, ಗುಂಡಿ ನೀ ಒತ್ತು. ಯಾವುದು ಅಂತ ಯಾರಿಗೂ ಹೇಳಬ್ಯಾಡ. ನಿಜಾಮಾ, ನೀನೂ ತೋರಸೋ.”

ನಗು ಬಂತು. ಊರಿಗೆಲ್ಲ ದನಿ ಕೇಳಿಸಿದವನಿಗೆ ಈ ಮುದುಕಿ ಪರೀಕ್ಷೆ ಇಡುತ್ತಾಳಲ್ಲ ಎಂದುಕೊಂಡು ನಡುವಿನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಸುಯ್ ಎಂದು ಬಂತು ಸದ್ದು. ಈ ಸಲ ಸ್ಪಷ್ಟವಾಗಿಯೇ ಕೇಳಿಸಿತು. ಒಂದು ಕ್ಷಣವೂ ತಡಮಾಡದೆ ಹಿಂದಿನ ಬಲಕ್ಕೆ ಬೆರಳು ಚಾಚಿದೆ.

ಯಾರೋ ನಗು ತಡೆದುಕೊಂಡರು. ಕಣ್ಣು ಬಿಟ್ಟೆ.

ಹಾಲಿನಲ್ಲಿದ್ದ ಎಲ್ಲರ ಬೆರಳೂ ದೀಪದ ಮಾಡದ ಕಡೆಗಿತ್ತು. ನನ್ನದು ಅದರ ಎದುರಿನ ಬಲ ಗೋಡೆಯ ಕಿಟಕಿಯ ಕಡೆಗಿತ್ತು. ನನ್ನದೊಂದೇ ಅಲ್ಲ, ಇನ್ನೊಂದು ಬೆರಳೂ ಅದೇ ಕಿಟಕಿಯನ್ನು ತೋರಿಸುತ್ತಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಬಾನುಬಿ ಕೂತಿದ್ದಳು. ಅವಳು ಕಣ್ಣು ಮುಚ್ಚಿಯೇ ಇರಲಿಲ್ಲ. ನನ್ನನ್ನೇ ನೋಡುತ್ತ, ನಾನು ಬೆರಳು ಮಾಡಿದ ಕಡೆಗೇ ತಾನೂ ಬೆರಳು ಮಾಡಿ ಕೂತಿದ್ದಳು.

ತಂತಿ ಬದಲಿಸಿದ್ದೆ, ಸ್ಪೀಕರ್ ಬದಲಿಸಿದ್ದೆ, ಗೋಡೆ ಬದಲಿಸಲೂ ಹೊರಟಿದ್ದೆ. ಕುರ್ಚಿಯಲ್ಲಿ ಕೂತವನನ್ನು ಮಾತ್ರ ಬದಲಿಸಿ ನೋಡಿರಲಿಲ್ಲ. ಎಡಗಿವಿಯನ್ನು ಅಂಗೈಯಿಂದ ಮುಚ್ಚಿದೆ, ತೆಗೆದೆ, ಮತ್ತೆ ಮುಚ್ಚಿದೆ. ಯಾವ ವ್ಯತ್ಯಾಸವೂ ಇರಲಿಲ್ಲ. ಹೆದರಿಕೆಯಾಯಿತು. ನಾಚಿಕೆ ಅದಕ್ಕಿಂತ ಜಾಸ್ತಿಯಾಯಿತು. ಎದ್ದು ಹೊರಗೆ ಓಡಬೇಕು, ಗಾಡಿ ಹತ್ತಿ ಎಲ್ಲಾದರೂ ಹೋಗಿಬಿಡಬೇಕು ಎನಿಸಿತು. ಆದರೆ ನಾನು ಹೊರಟರೆ ಆ ಬೆರಳು ಒಂದೇ ಉಳಿಯುತ್ತದೆ, ಎಲ್ಲರೂ ಅವಳನ್ನು ನೋಡಿ ನಗುತ್ತಾರೆ.

“ಈಶಪ್ಪಾ, ಸುತಗಿ ಚೀಲದಾಗ ಹಾಕ,” ಎಂದೆ. “ಮೂಲಿ ಚಲೋ ಐತಿ. ಕೆಟ್ಟಿದ್ದು ನನ್ನ ಎಡಗಿವಿ.”

ಯಾರೂ ನಗಲಿಲ್ಲ. ಶೇಖವ್ವ ನನ್ನ ಮುಖ ನೋಡದೆ ಬಾಗಿಲ ಕಡೆ ತಿರುಗಿ, “ಚಾ ಕುಡದ ಹೋಗೋ ಈಶಪ್ಪಾ,” ಎಂದಳು.

ನಾನು ಬಾನುಬಿಯನ್ನು ಕರೆದು ನಡುವಿನ ಕುರ್ಚಿಯಲ್ಲಿ ಕೂಡಿಸಿದೆ. ಅವಳು ಸೆರಗು ಎಳೆದುಕೊಂಡು ಮುದುಡಿ ಕೂತಳು. “ಐದೂ ಕಡಿಂದ ಒಂದ ಸಮ ಕೇಳಿಸಿದ್ರ ಕೈ ಎತ್ತು. ಹೆಚ್ಚುಕಡಿಮಿ ಇದ್ರ ಖರೇ ಹೇಳು. ನನ್ನ ಮಾರಿ ನೋಡಬ್ಯಾಡ.” ಅವಳು ಹೇಳಿದಂತೆ, ನಾನು ಏರಿಸಿಟ್ಟಿದ್ದ ಮೂಲೆಯ ದನಿಯನ್ನು ಇಳಿಸಿದೆ, ಮುಂದಿನ ಎಡವನ್ನೂ ಇಳಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು, ಬೇಡವೆಂದಳು, ಇನ್ನೂ ತುಸು ಎಂದಳು. ಕೊನೆಗೆ ಕೈ ಎತ್ತಿದಳು. ಸಿನಿಮಾ ಶುರುವಾಯಿತು. ಎಲ್ಲೋ ಕುದುರೆಗಳು ಹಿಂದಿನಿಂದ ಓಡಿ ಬಂದಿರಬೇಕು, ಜನ ಗಾಬರಿಯಾಗಿ ಹಿಂದಕ್ಕೆ ತಿರುಗಿ ಮಾಡದ ಕಡೆ ನೋಡಿದರು. ಅದನ್ನು ನೋಡಿ ಕೆಲಸ ಸರಿಯಾಗಿದೆ ಎಂದು ತಿಳಿದುಕೊಂಡೆ.

ಬರುವಾಗ ಗುಡ್ಡದ ಕೆಳಗಿನ ದಾರಿಯಲ್ಲಿ ಬಾನುಬಿ ಯಥಾಪ್ರಕಾರ ಬಲ ಭುಜಕ್ಕೆ ಗದ್ದ ಊರಿದಳು. ಗಾಡಿ ಓಲಾಡಿತು. ನಾನು ನಿಲ್ಲಿಸಿ ಇಳಿದೆ.

“ಸುಳ್ಳ ಬೆರಳ ಯಾಕ ತೋರಿಸಿದಿ?”

“ನಿಮ್ಮದೊಂದ ಆ ಕಡಿ ಇತ್ತಲ್ರಿ. ಒಬ್ಬರನ್ನ ಹ್ಯಾಂಗ ಬಿಡೂದು?”

“ಯಾವಾಗಿಂದ ಗೊತ್ತು ನಿನಗ?”

“ಮೊದಮೊದಲ ಗೊತ್ತಾಗಲಿಲ್ಲರಿ. ನಾ ಮಾತಾಡಿಸಿದ್ರ ನೀವು ಹೊಳ್ಳಿ ನೋಡತಿದ್ದಿಲ್ಲ. ನನ್ನ ಮ್ಯಾಲೆ ಸಿಟ್ಟಾಗ್ಯಾರ ಅಂದ್ಕೊಂಡೆ. ಒಂದ ವರ್ಷ ಹಂಗ ಅಂದ್ಕೊಂಡಿದ್ದೆ. ಏನ ತಪ್ಪ ಮಾಡೀನಿ ಅಂತ ತಿಳೀವಲ್ದು, ಕೇಳಾಕ ಅಂಜಿಕಿ. ಒಂದಿನ ಚಾ ಕೊಡಾಕ ಬಲಗಡಿಂದ ಬಂದು ಸಣ್ಣ ದನೀಲೆ ಕರದೆ. ನೀವು ಹಾಂ ಅಂದ್ರಿ. ಅವತ್ತ ಅಡಗಿ ಮನ್ಯಾಗ ಹೋಗಿ ಅತ್ತೆ, ಆಮ್ಯಾಲೆ ನಕ್ಕೆ ನೋಡ್ರಿ. ಸಿಟ್ಟಲ್ಲ, ಕಿವಿ ಅಂತ ಗೊತ್ತಾತಲ್ಲ.”

ಗಾಡಿಗೆ ಸ್ಟ್ಯಾಂಡ್ ಹಾಕಿ ಕೇಳಿದೆ.

“ಆ ವರ್ಷ ಏನೇನ ಕೇಳಿದ್ದಿ ನನ್ನ?”

“ಈಗ್ಯಾಕರಿ ಅದು.”

“ಹೇಳು.”

“ಅಮ್ಮಾಗ ಭಾಳ ಆರಾಮಿಲ್ಲ, ಅಬ್ಬಿಗೇರಿಗೆ ಹೋಗೂಣೇನ್ರಿ ಅಂತ ಕೇಳಿದ್ದೆ. ಮತ್ತೊಮ್ಮೆನೂ ಕೇಳಿದೆ. ಆಮ್ಯಾಲೆ ಒಬ್ಬಾಕೀನ ಬಸ್ ಹತ್ತಿದೆ.”

ಗಾಡಿಯ ಹ್ಯಾಂಡಲ್ ಹಿಡಿದುಕೊಂಡು ನಿಂತೆ. ಇಷ್ಟು ವರ್ಷ ಕಾಯ್ದಿಟ್ಟುಕೊಂಡು ಬಂದ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

“ಇನ್ನೇನ ಕೇಳಿದ್ದಿ?” ಎಂದೆ.

ಅವಳು ಸುತ್ತು ಹಾಕಿ ಬಂದು ನನ್ನ ಬಲಕ್ಕೆ ನಿಂತಳು. ಒಂದೊಂದಾಗಿ ಹೇಳತೊಡಗಿದಳು. ಅವತ್ತು ನನಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ.